ಐದು ನಿಮಿಷಕ್ಕೆ ಬಂದವನು

ಭಜನೆಯ ಪೆಟ್ಟಿಗೆಯನ್ನು ನೇರವಾಗಿ ಹಿಡಿದರೆ ಅದು ಬಾಗಿಲು ದಾಟುತ್ತಿರಲಿಲ್ಲ. ಧನರಾಜ್ ಅದನ್ನು ಎಡಕ್ಕೆ ಓರೆ ಮಾಡಿಸಿ, ತಾನು ಹಿಂದೆ ಹಿಂದೆ ಹೆಜ್ಜೆಯಿಡುತ್ತ ಹೊಸ್ತಿಲು ಇಳಿದ. ಒಳಗೆ ತಾಳಗಳು ಒಮ್ಮೆ ಕಿಣಿ ಎಂದವು. ಹಾರ್ಮೋನಿಯಂ, ಕಾಲುದೀಪ, ಚಾಪೆಗಳು, ದೇವರ ಪಟ ಎಲ್ಲ ಅದರಲ್ಲೇ ಇದ್ದವು. ಸೂತಕದ ಮನೆಯಲ್ಲಿ ಅವನ್ನು ಇಟ್ಟುಕೊಳ್ಳುವ ಹಾಗಿಲ್ಲ.

ಮನೆಯ ಯಜಮಾನ ಪ್ರೇಮನಾಥ ಸತ್ತು ಮೂರು ದಿನವಾಗಿತ್ತು. ಬಾಕ್ಸ್ ಹಿಲ್‌ನ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ, ಸೂಪಿನ ಪಾತ್ರೆಯ ಮುಚ್ಚಳ ತೆಗೆಯುತ್ತ ಕುಸಿದಿದ್ದ. ಐವತ್ತೊಂಬತ್ತು ವಯಸ್ಸು. ಇವತ್ತು ಶುಕ್ರವಾರ, ಹನ್ನೆರಡೂವರೆಗೆ ಅಂತ್ಯಕ್ರಿಯೆ. ಹತ್ತೊಂಬತ್ತು ವರ್ಷಗಳಲ್ಲಿ ಪಾಯಿಂಟ್ ಕುಕ್‌ನ ಈ ಮನೆಯಲ್ಲಿ ಭಜನೆಯಿಲ್ಲದ ಶುಕ್ರವಾರ ಇದೇ ಮೊದಲು.

ಪೆಟ್ಟಿಗೆಯನ್ನು ವ್ಯಾನಿಗೆ ಹಾಕಿ ಧನರಾಜ್ ಒಳಗೆ ಬಂದ. ಮೂರು ದಿನದಿಂದ ಅವನು ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಆಸ್ಪತ್ರೆಗೆ ಓಡಿದ್ದು, ಕಾಗದಪತ್ರಕ್ಕೆ ತಿರುಗಿದ್ದು, ಊರಿಗೆ ಫೋನ್ ಮಾಡಿದ್ದು ಎಲ್ಲ ಅವನೇ. ಅವನ ಹೆಂಡತಿ ಜ್ಯೋತ್ಸ್ನಾ ಮೂರು ಹೊತ್ತೂ ಊಟ ತಂದುಕೊಟ್ಟಿದ್ದಳು. ಅವನು ಪ್ರೇಮನಾಥನ ಹೆಂಡತಿ ಚೆನ್ನುವಿನ ಎದುರು ಕಾರ್ಪೆಟ್ಟಿನ ಮೇಲೆ ಕೂತ. ಆ ಕೋಣೆಯಲ್ಲಿ ಕೂರಲು ಬೇರೇನೂ ಇರಲಿಲ್ಲ.

"ಹದಿಮೂರು ಕಳೀಲಿ ಚೆನ್ನಕ್ಕ, ಪೆಟ್ಟಿಗೆ ವಾಪಸ್ ಇಲ್ಲಿಗೇ ತಂದಿಡ್ತೇವೆ," ಎಂದ. "ಇವತ್ತು ಪ್ರೇಮಣ್ಣನ ಎದುರು ನೀವೊಂದು ಮಾತು ಹೇಳಿಬಿಡಿ, ಶುಕ್ರವಾರ ನಮ್ಮಲ್ಲೇ ನಡೀತದೆ ಅಂತ. ಅವನ ಜೀವಕ್ಕೆ ಸಮಾಧಾನ."

ಚೆನ್ನು ತಲೆ ತಗ್ಗಿಸಿಯೇ ಇದ್ದಳು. ಹೆಣದ ಎದುರು ಕೊಟ್ಟ ಮಾತನ್ನು ಅವಳ ಕಡೆಯಲ್ಲಿ ಯಾರೂ ಹಿಂದೆ ತೆಗೆದುಕೊಂಡದ್ದಿಲ್ಲ. ಅದು ಧನರಾಜನಿಗೂ ಗೊತ್ತಿತ್ತು.

*

ಮನೆ ಹೊಸದಾಗಿದ್ದಾಗ ಮುಂದಿನ ಕೋಣೆ ಖಾಲಿಯಿತ್ತು. ಸೋಫಾ ನೋಡಿಟ್ಟಿದ್ದರು, ಬಂದಿರಲಿಲ್ಲ. ಆ ವಾರ ಭಜನೆ ನಡೆಯಬೇಕಿದ್ದ ಮನೆಯಲ್ಲಿ ಮಗುವಿಗೆ ಜ್ವರ ಬಂತು. ಧನರಾಜ್ ಫೋನ್ ಮಾಡಿ, ಪ್ರೇಮಣ್ಣ, ನಿನ್ನ ಹಾಲ್ ಖಾಲಿ ಉಂಟಲ್ವಾ, ಈ ಶುಕ್ರವಾರ ಒಂದು ಸಲ, ಎಂದು ಕೇಳಿದ. ಪ್ರೇಮನಾಥ ಆಯ್ತು ಎಂದ. ಅವನು ಯಾವುದಕ್ಕೂ ಹೇಳುತ್ತಿದ್ದದ್ದು ಅದೊಂದೇ.

ಅವತ್ತು ತಾಳ ಹಾಕುವವನೂ ಬಂದಿರಲಿಲ್ಲ. ಅವಲಕ್ಕಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಪ್ರೇಮನಾಥನ ಕೈಗೆ ಯಾರೋ ತಾಳ ಕೊಟ್ಟರು. ಅವನ ಕೈಯಲ್ಲಿ ಲಯವಿತ್ತು. ಮುಂದಿನ ವಾರ ಅವನು ಸೋಫಾದ ಅಂಗಡಿಗೆ ಹೋಗುವ ಮೊದಲೇ, ಪೆಟ್ಟಿಗೆಯನ್ನು ಇಲ್ಲೇ ಇಟ್ಟು ಹೋಗಬಹುದಾ ಎಂದು ಭಜನೆಯವರು ಕೇಳಿದರು. ಆಯ್ತು ಎಂದ. ಆಮೇಲೆ ಯಾರೂ ಕೇಳಲಿಲ್ಲ.

ಪ್ರತಿ ಶುಕ್ರವಾರ ಚೆನ್ನು ನಲವತ್ತು ಜನರಿಗೆ ಅವಲಕ್ಕಿ ಕಲಸಿದಳು. ಮೊದಲ ವರ್ಷ ಸೋಫಾದ ಮಾತು ಬಂತು, ಎರಡನೆಯ ವರ್ಷವೂ ಬಂತು. ಗೂಟಕ್ಕೆ ಕಟ್ಟಿದ ದನ ಹಗ್ಗದುದ್ದದ ಹುಲ್ಲನ್ನಷ್ಟೇ ಮೇಯುತ್ತದೆ. ಸ್ವಲ್ಪ ದಿನ ಕಳೆದರೆ ಅದಕ್ಕೆ ಹಗ್ಗ ಎಳೆಯುವ ಅಭ್ಯಾಸವೂ ಹೋಗುತ್ತದೆ.

ಪ್ರೇಮನಾಥ ಮಾತ್ರ ಭಜನೆ ಮುಗಿದು ಮಂಗಳಾರತಿಯಾದ ಮೇಲೆ, ತಾಳ ಕೆಳಗಿಡುತ್ತ ಒಂದು ಮಾತು ಹೇಳುತ್ತಿದ್ದ:

"ಐದು ನಿಮಿಷಕ್ಕೆ ಬಂದವ ನಾನು. ಕೈಗೆ ಕೊಟ್ರಿ, ಇಡ್ಲಿಕ್ಕೆ ಜಾಗ ತೋರಿಸ್ಲಿಲ್ಲ."

ಎಲ್ಲರೂ ನಗುತ್ತಿದ್ದರು. ಪ್ರತಿ ವಾರ ಹೇಳಿದರೂ ನಗುತ್ತಿದ್ದರು. ಅಡುಗೆಮನೆಯಿಂದ ಚೆನ್ನುವೂ ನಗುತ್ತಿದ್ದಳು.

*

ಶವದ ವಾಹನದ ಹಿಂದೆ ಮಗಳು ತೃಷಾ, ಅಪ್ಪನ ಹಳೆಯ ಕೊರೋಲಾ ಕಾರು ಓಡಿಸುತ್ತಿದ್ದಳು. ಅವಳಿರುವುದು ಸಿಡ್ನಿಯ ಕೆಲ್ಲಿವಿಲ್‌ನಲ್ಲಿ. ಸುದ್ದಿ ತಿಳಿದ ದಿನವೇ ವಿಮಾನ ಹತ್ತಿ ಬಂದಿದ್ದಳು. ಕೀ ತಿರುಗಿಸಿದ ಕೂಡಲೇ ಕಾರಿನ ಸಿಡಿ ತಾನಾಗಿ ಶುರುವಾಯಿತು. ಡ್ರಮ್ಮು, ಗಿಟಾರು, ಮೂಗಿನಲ್ಲಿ ಹಾಡುವ ಒಬ್ಬ ಗಂಡಸು. ಅವಳು ಸದ್ದು ಕಡಿಮೆ ಮಾಡಿದಳು, ಆರಿಸಲಿಲ್ಲ.

"ಇದೆಂಥ ಗಲಾಟೆ," ಎಂದಳು ಪಕ್ಕದಲ್ಲಿ ಕೂತಿದ್ದ ಚೆನ್ನು.

"ಬ್ರೋಕನ್ ಮೋವರ್ಸ್. ಅಪ್ಪನ ಬ್ಯಾಂಡ್."

ಅಮೆರಿಕದ ಯಾವುದೋ ಸಣ್ಣ ಊರಿನಲ್ಲಿ ಲಾನ್‌ಮೋವರ್ ಹಿಡಿದು ಹುಲ್ಲು ಕತ್ತರಿಸುವ ಕೆಲಸ ಮಾಡುತ್ತಿದ್ದ ನಾಲ್ವರ ಬ್ಯಾಂಡ್ ಅದು. ಪಂಕ್ ಎಂಬ ಅಬ್ಬರದ ರಾಕ್ ಸಂಗೀತದಿಂದ ಶುರುಮಾಡಿದ್ದರು, ಹಾಡುಗಳೆಲ್ಲ ತಮಾಷೆಯವು. ಪ್ರೇಮನಾಥ ಮದುವೆಗೆ ಮೊದಲು ಸಿಡ್ನಿಯ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದಾಗ, ಪಾತ್ರೆ ತೊಳೆಯುವವನೊಬ್ಬ ಕೆಲಸ ಬಿಟ್ಟು ಹೋಗುವ ದಿನ ತನ್ನ ಸಿಡಿಗಳನ್ನು ಅವನಿಗೆ ಕೊಟ್ಟು ಹೋಗಿದ್ದ. ಪಾಯಿಂಟ್ ಕುಕ್‌ನಿಂದ ಬಾಕ್ಸ್ ಹಿಲ್‌ಗೆ ಹೋಗುವಾಗ ಒಂದು ಗಂಟೆ, ಬರುವಾಗ ಒಂದೂಕಾಲು. ಫ್ರೀವೇಯಲ್ಲಿ ಅವನು ಬೇರೇನೂ ಕೇಳುತ್ತಿರಲಿಲ್ಲ. ತೃಷಾ ಹೈಸ್ಕೂಲಿನಲ್ಲಿದ್ದಾಗ ಕೆಲವು ದಿನ ಅವನ ಜೊತೆ ಹೋಗುತ್ತಿದ್ದಳು. ಅವನು ಸ್ಟಿಯರಿಂಗ್ ಮೇಲೆ ತಾಳ ಹಾಕುತ್ತ ದೊಡ್ಡ ಸ್ವರದಲ್ಲಿ ಹಾಡುತ್ತಿದ್ದ. ಗರಾಜಿಗೆ ಬಂದ ಮೇಲೂ ಹಾಡು ಮುಗಿಯುವವರೆಗೆ ಇಳಿಯುತ್ತಿರಲಿಲ್ಲ. ಮನೆಯಲ್ಲಿ ಯಾಕೆ ಹಾಕುವುದಿಲ್ಲ ಎಂದು ಅವಳು ಒಮ್ಮೆ ಕೇಳಿದ್ದಳು. "ಇದು ಕಾರಿನಲ್ಲೇ ಇರ್ಲಿ. ಅಲ್ಲಿ ದೇವರು ಉಂಟಲ್ಲ," ಎಂದು ಪೆಟ್ಟಿಗೆಯಿದ್ದ ಕೋಣೆಯ ಕಡೆ ಕಣ್ಣು ಮಾಡಿದ್ದ.

ಫ್ರೀವೇಯಲ್ಲಿ ವಾಹನಗಳು ನಿಂತು ನಿಂತು ಸಾಗುತ್ತಿದ್ದವು.

"ಅಮ್ಮಾ, ಯು ಡೋಂಟ್ ಹ್ಯಾವ್ ಟು. ಧನರಾಜ್ ಅಂಕಲ್‌ಗೆ ನೋ ಅಂತ ಹೇಳು."

"ಹೇಗೆ ಹೇಳುವುದು? ಮೂರು ದಿನ ನಮ್ಮ ಮನೆ ನಡೆಸಿದ್ದೇ ಅವರು."

"ದಟ್ಸ್ ಹೌ ದೇ ಗೆಟ್ ಯು."

"ಹಾಗೆಲ್ಲ ಹೇಳ್ಬೇಡ. ಅವರು ಒಳ್ಳೆಯವರು." ಚೆನ್ನು ಕಿಟಕಿಯತ್ತ ತಿರುಗಿದಳು. "ಕೆಟ್ಟವರಾಗಿದ್ರೆ ಸುಲಭ ಇತ್ತು."

ಸ್ವಲ್ಪ ದೂರ ಹೋದ ಮೇಲೆ ತೃಷಾ ಒಂದು ಸಂಗತಿ ಹೇಳಿದಳು. ಅಂತ್ಯಕ್ರಿಯೆಯ ಕಂಪನಿಯವರು ಕಳಿಸಿದ ಫಾರ್ಮಿನಲ್ಲಿ, ತೀರಿಹೋದವರಿಗೆ ಇಷ್ಟವಾದ ಸಂಗೀತ ಯಾವುದು ಎಂಬ ಪ್ರಶ್ನೆಯಿತ್ತು. ಅವಳು ನಿಜವನ್ನೇ ತುಂಬಿದ್ದಳು. ಕೊನೆಗೆ ಶವದ ಮುಂದೆ ಪರದೆ ಮುಚ್ಚುವಾಗ ಅದನ್ನು ಹಾಕುತ್ತಾರಂತೆ.

"ಭಜನೆ ಅವರೇ ಹಾಡ್ತಾರಲ್ವಾ," ಎಂದಳು ಚೆನ್ನು.

"ಅದು ಮೊದ್ಲು."



*

ಚಿತಾಗಾರದ ಹಾಲಿನಲ್ಲಿ ಕೊಟ್ಟಿದ್ದು ನಲವತ್ತು ನಿಮಿಷ. ಹಿಂದಿನವರು ಹೊರಗೆ ಹೋಗುವುದಕ್ಕೂ ಇವರು ಒಳಗೆ ಬರುವುದಕ್ಕೂ ಸರಿಹೋಯಿತು. ಭಜನೆಯವರು ಎರಡು ಹಾಡು ಹಾಡಿದರು. ತಾಳ ಹಿಡಿಯಲು ಯಾರೂ ಮುಂದೆ ಬರಲಿಲ್ಲ. ತಾಳವಿಲ್ಲದ ಹಾಡು ಒಂದು ಕಾಲು ಗಿಡ್ಡವಾದ ಮೇಜಿನ ಹಾಗೆ ಆಚೀಚೆ ಆಡಿತು.

ಧನರಾಜ್ ಮೈಕಿನ ಮುಂದೆ ನಿಂತು ನಾಲ್ಕು ಮಾತಾಡಿದ. ಇಂಥ ಭಕ್ತ, ಇಂಥ ತಮಾಷೆಯ ಮನುಷ್ಯ ಇನ್ನು ಸಿಗಲಿಕ್ಕಿಲ್ಲ ಎಂದ. ಐದು ನಿಮಿಷದ ಮಾತನ್ನು ಅವನು ಹೇಳಲು ಶುರುಮಾಡಿದರೆ ಸಭೆಯೇ ಮುಗಿಸಿತು. ಜ್ಯೋತ್ಸ್ನಾ ನಗುತ್ತ ಕಣ್ಣೊರೆಸಿಕೊಂಡಳು. "ಇನ್ನೊಂದು ಉಂಟು," ಎಂದ ಧನರಾಜ್. "ನನ್ನ ಲಾನ್‌ಮೋವರ್ ನನಗಿಂತ ಬುದ್ಧಿವಂತ ಮಾರಾಯ, ಸಾಕು ಅನ್ನಿಸಿದ್ರೆ ಕೆಟ್ಟು ನಿಲ್ತದೆ, ಅಂತಿದ್ದ." ಮತ್ತೆ ಎಲ್ಲರೂ ನಕ್ಕರು.

ತೃಷಾ ನಗಲಿಲ್ಲ. ಅದು ಬ್ರೋಕನ್ ಮೋವರ್ಸ್‌ನ ಎರಡನೆಯ ಸಿಡಿಯ ನಾಲ್ಕನೆಯ ಹಾಡು.

ಒಬ್ಬೊಬ್ಬರೇ ಬಂದು ತುಳಸಿದಳದಿಂದ ಬಾಯಿಗೆ ನೀರು ಬಿಟ್ಟರು. ಕಂಪನಿಯ ಹೆಂಗಸು ಗಡಿಯಾರ ನೋಡಿ ತೃಷಾಳನ್ನು ಗೋಡೆಯ ಮೇಲಿನ ಒತ್ತುಗುಂಡಿಯ ಬಳಿ ನಿಲ್ಲಿಸಿದಳು. ಅದನ್ನು ಒತ್ತಿದರೆ ಪರದೆ ಮುಚ್ಚುತ್ತದೆ. ಕೊನೆಯದಾಗಿ ಚೆನ್ನು ಬಂದಳು. ನೀರು ಬಿಟ್ಟು, ಗಂಡನ ಶರ್ಟಿನ ಮೇಲೆ ಬಿದ್ದ ಹನಿಯನ್ನು ಸೆರಗಿನಿಂದ ಒರೆಸಿದಳು. ಧನರಾಜ್ ಪಕ್ಕಕ್ಕೆ ಬಂದು ನಿಂತ.

"ಹೇಳಿ ಚೆನ್ನಕ್ಕ. ಅವನಿಗೆ ಕೇಳ್ತದೆ."

ನೂರು ಜನರ ಕಣ್ಣು ಅವಳ ಬೆನ್ನಿನ ಮೇಲಿತ್ತು. ಎಲ್ಲ ಗೊತ್ತಿದ್ದ ಮುಖಗಳು. ಇವರಲ್ಲಿ ಯಾರ ಮಗುವಿನ ನಾಮಕರಣದಲ್ಲಿ ಅವಳು ಬಡಿಸಿರಲಿಲ್ಲ, ಯಾರು ಅವಳ ಮಗಳನ್ನು ಶಾಲೆಗೆ ಬಿಟ್ಟಿರಲಿಲ್ಲ. ಅವಳ ತುಟಿ ತೆರೆಯಿತು. ಆಯ್ತು ಎಂಬ ಮಾತು ಹತ್ತೊಂಬತ್ತು ವರ್ಷದ ಸಲೀಸಿನಲ್ಲಿ ನಾಲಿಗೆಯ ತುದಿಗೆ ಬಂದು ನಿಂತಿತು.

ತೃಷಾ ಗುಂಡಿ ಒತ್ತಿದಳು.

ಡ್ರಮ್ಮು ಬಡಿಯಿತು. ಮುಂದಿನ ಸಾಲಿನ ಅಜ್ಜಿಯೊಬ್ಬಳು ಬೆಚ್ಚಿದಳು. ಧನರಾಜ್ ಗಾಬರಿಯಿಂದ, ತಪ್ಪಿ ಹಾಕಿದ್ದಾರೆ, ನಿಲ್ಲಿಸಿ ಬರುತ್ತೇನೆ ಎಂದು ಹೊರಟ.

"ಮುಗೀಲಿ," ಎಂದಳು ಚೆನ್ನು.

ಮೂಗಿನ ದನಿಯವನು ಹಾಡಿದ. ನೆರೆಮನೆಯ ಪಾರ್ಟಿಗೆ ಐದು ನಿಮಿಷಕ್ಕೆಂದು ಹೋದವನ ಹಾಡು. ಕೈಗೆ ಒಂದು ಪ್ಲೇಟು ಕೊಡುತ್ತಾರೆ. ಎಲ್ಲರೂ ಒಳ್ಳೆಯವರು, ಎಲ್ಲರೂ ಮಾತಾಡಿಸುತ್ತಾರೆ. ಪ್ಲೇಟು ಇಡಲು ಅವನಿಗೆ ಜಾಗ ಸಿಗುವುದಿಲ್ಲ. ಮನೆಯವರಿಗೆ ವಯಸ್ಸಾಗುತ್ತದೆ, ಅವನಿಗೂ ಆಗುತ್ತದೆ, ಪ್ಲೇಟು ಕೈಯಲ್ಲೇ ಇರುತ್ತದೆ. ಅಲ್ಲಿ ಹಾಡಿನೊಳಗೆ ಜನ ಗೊಳ್ಳೆಂದು ನಗುವ ಸದ್ದು. ವಯೋವೃದ್ಧರ ಕೇಂದ್ರದಲ್ಲಿ ಇಪ್ಪತ್ತು ವರ್ಷ ದುಡಿದ ಚೆನ್ನುವಿಗೆ ಅಷ್ಟು ಇಂಗ್ಲಿಷು ಅರ್ಥವಾಗುತ್ತಿತ್ತು.

ಪರದೆ ಪೂರ್ತಿ ಮುಚ್ಚಿದ ಮೇಲೂ ಹಾಡು ಅರ್ಧ ನಿಮಿಷ ಉಳಿದಿತ್ತು.

"ಇದು ನಿನ್ನ ಅಪ್ಪನ ಮಾತಲ್ವಾ?" ಎಂದಳು ಮಗಳ ಕಡೆ ತಿರುಗಿ.

"ಇಲ್ಲಮ್ಮ. ಹಾಡಿಂದೇ. ಅಪ್ಪ ಜಸ್ಟ್ ಕನ್ನಡದಲ್ಲಿ ಹೇಳ್ತಿದ್ರು."

ಚೆನ್ನು ಪರದೆಯನ್ನೇ ನೋಡುತ್ತ ನಿಂತಳು.

"ನಾನೂ ನಕ್ಕೆ," ಎಂದಳು. "ಪ್ರತಿ ವಾರ."

*

ಹೊರಗೆ ಮುಂದಿನವರ ಕಾರುಗಳು ಕಾಯುತ್ತಿದ್ದವು. ಧನರಾಜ್ ಕಂಪನಿಯವರ ಮೇಲೆ ದೂರು ಕೊಡುವ ಮಾತಾಡಿದ. ತಪ್ಪು ಅವರದಲ್ಲ ಎಂದು ಚೆನ್ನು ಹೇಳಿದಳು. ಮೂರು ದಿನ ಮಾಡಿದ್ದಕ್ಕೆಲ್ಲ ಕೈ ಮುಗಿದಳು. ಆಮೇಲೆ, "ಪೆಟ್ಟಿಗೆ ನಿಮ್ಮಲ್ಲೇ ಇರ್ಲಿ ಧನರಾಜಣ್ಣ," ಎಂದಳು.

"ಹದಿಮೂರರವರೆಗೆ ಅಲ್ವಾ?"

"ಇರ್ಲಿ."

ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಕಾಯುವವನ ತಾಳ್ಮೆಯಿತ್ತು. ಆಯ್ತು, ನಿಧಾನ ಮಾತಾಡುವ ಎಂದು ಅವಳ ಭುಜ ತಟ್ಟಿದ. ಸಂಜೆ ಊಟ ತರುತ್ತೇನೆಂದು ಜ್ಯೋತ್ಸ್ನಾ ಹೇಳಿದಳು.

ಮನೆಗೆ ಬಂದು ತಾಯಿ ಮಗಳಿಬ್ಬರೂ ಸ್ನಾನ ಮಾಡಿದರು. ಮುಂದಿನ ಕೋಣೆಯಲ್ಲಿ ಬಿಸಿಲು ಬಿದ್ದಿತ್ತು. ಕಾರ್ಪೆಟ್ಟು ಮಾಸಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಪೆಟ್ಟಿಗೆ ಇದ್ದಷ್ಟು ಜಾಗ ಮಾತ್ರ ಅಂಗಡಿಯಿಂದ ತಂದ ದಿನದ ನೀಲಿಯಲ್ಲೇ ಉಳಿದಿತ್ತು. ಚೆನ್ನು ಒದ್ದೆ ತಲೆಗೆ ಟವೆಲು ಸುತ್ತಿಕೊಂಡು ಅದನ್ನು ತುಂಬಾ ಹೊತ್ತು ನೋಡಿದಳು. ಆಮೇಲೆ ಹಿತ್ತಲಿಗೆ ಹೋಗಿ, ಪ್ರೇಮನಾಥ ಸಿಗರೇಟು ಸೇದಲು ಕೂರುತ್ತಿದ್ದ ಮರದ ಬೆಂಚಿನ ಒಂದು ತುದಿ ಹಿಡಿದಳು.

"ಆ ಕಡೆ ಹಿಡಿ."

ಬೆಂಚು ನೇರವಾಗಿ ಬಾಗಿಲು ದಾಟಲಿಲ್ಲ. ಎಡಕ್ಕೆ ಓರೆ ಮಾಡಿ ತರಬೇಕಾಯಿತು. ಕೋಣೆಯ ನಡುವೆ ಅದನ್ನಿಟ್ಟು ಇಬ್ಬರೂ ಪಕ್ಕಪಕ್ಕದಲ್ಲಿ ಕೂತರು. ತೃಷಾ ಕಾಲು ಚಾಚಿದಳು.

ಚೆನ್ನುವಿನ ಮುಂದೆ, ಕಾರ್ಪೆಟ್ಟಿನ ಮೇಲೆ, ಕಾಲುದೀಪ ಇಡುತ್ತಿದ್ದಲ್ಲಿ ಬಿದ್ದ ಎಣ್ಣೆಯ ಕಲೆಯಿತ್ತು. ಪಾದ ಅದಕ್ಕೆ ತಾಗದ ಹಾಗೆ ಅವಳು ಕಾಲು ಮೇಲೆತ್ತಿ, ಮಡಚಿ ಕೂತಳು.