ಜುಗೂಳದ ಕಡೆ ಮುಖ ಮಾಡಿ

ಕೊಕಟನೂರಿನ ಹೈಸ್ಕೂಲಿನಲ್ಲಿ ಪ್ರಬಂಧ ಅಂದರೆ ಮನಿಷಾ, ಮನಿಷಾ ಅಂದರೆ ಪ್ರಬಂಧ. ಆಗಸ್ಟ್ ಹದಿನೈದಕ್ಕೊಂದು ಬಹುಮಾನ, ಜನವರಿ ಇಪ್ಪತ್ತಾರಕ್ಕೊಂದು. ಕುರಿ ಕಾಯುವ ಮಾಳಸಿದ್ದನ ಮನೆಯಲ್ಲಿ ಸ್ಟೀಲಿನ ಲೋಟ ಇಡಲು ಜಾಗವೇ ಉಳಿದಿರಲಿಲ್ಲ. ಬಹುಮಾನವೆಂದರೆ ಎಲ್ಲರೂ ಲೋಟವನ್ನೇ ಕೊಡುತ್ತಾರಲ್ಲ. ಹಾಗಾಗಿ ಅಥಣಿಯ ಕಾಲೇಜಿನಲ್ಲಿ ಬಿ.ಎ. ಸೇರಿ ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡಾಗ, ಮಾಳಸಿದ್ದನ ಮಗಳು ಊರಿಗೊಬ್ಬಳೇ ಪದ್ಮಾವತಿಯ ಹಾಗೆ ಮೊದಲ ಬೆಂಚಿನಲ್ಲೇ ಹೋಗಿ ಕೂತಳು.

ಆ ಗತ್ತು ಇಳಿಸಿದವರು ಇಂಗ್ಲಿಷಿನ ಉಜ್ವಲಾ ಮೇಡಂ. ನಿಪ್ಪಾಣಿ ಕಡೆಯವರು. ಕನ್ನಡದಲ್ಲಿ ಪಾಠ ಶುರು ಮಾಡಿ, ನಡುವೆ ಮರಾಠಿಯಲ್ಲಿ ಬೈದು, ಇಂಗ್ಲಿಷಿನಲ್ಲಿ ಮುಗಿಸುವವರು. ಬೈಗುಳಕ್ಕೆ ಯಾರೂ ಹೆದರುತ್ತಿರಲಿಲ್ಲ. ಹೆದರುತ್ತಿದ್ದದ್ದು ಅವರ ಕೆಂಪು ಪೆನ್ನಿಗೆ.

‘ನಾನು ಮೆಚ್ಚುವ ಒಬ್ಬರು’ ಎಂದು ಒಂದು ಪುಟ ಇಂಗ್ಲಿಷಿನಲ್ಲಿ ಬರೆದು ತರಲು ಹೇಳಿದರು. ಮನಿಷಾ ಅಪ್ಪನ ಮೇಲೆ ಬರೆದಳು. ನನ್ನ ತಂದೆ ಕಷ್ಟಜೀವಿ, ದಯಾಮಯಿ, ಕುಟುಂಬದ ಆಧಾರಸ್ತಂಭ, ಅವರೇ ನನ್ನ ಸ್ಫೂರ್ತಿ. ಒಂದು ತಪ್ಪಿಲ್ಲದ ಇಂಗ್ಲಿಷು. ಪುಟ ತಿರುಗಿ ಬಂದಾಗ ಮೇಲಿನಿಂದ ಕೆಳಗೆ ಒಂದೇ ಕೆಂಪು ಗೀಟು ಬಿದ್ದಿತ್ತು. ಅಡಿಯಲ್ಲಿ ಒಂದು ಸಾಲು: ‘ಇದರಲ್ಲಿ ನಿನ್ನ ಅಪ್ಪ ಸಿಗಲಿಲ್ಲ.’

ಡಿಕ್ಷನರಿ ಹಿಡಿದು, ಇನ್ನೂ ದೊಡ್ಡ ಶಬ್ದ ಹಾಕಿ ಮತ್ತೆ ಬರೆದಳು. ಮತ್ತೆ ಅದೇ ಗೀಟು, ಅದೇ ಸಾಲು. ಮೂರನೆಯ ಸಲ ಗೈಡ್ ನೋಡಿ ಒಂದು ಸುಭಾಷಿತವನ್ನೂ ಸೇರಿಸಿದಳು. ಆ ಸಲ ಮೇಡಂ ಸಾಲು ಕೂಡ ಬರೆಯಲಿಲ್ಲ, ಬರೀ ಗೀಟು ಎಳೆದರು.

ಕಣ್ಣೀರು ಬಂತು. ಸಿಟ್ಟೂ ಬಂತು. ಮನಿಷಾ ಆಫೀಸಿಗೆ ಹೋಗಿ ವಿಷಯ ಬದಲಿಸುವ ಅರ್ಜಿ ತಂದಳು. ಇಂಗ್ಲಿಷ್ ಬಿಟ್ಟು ಇತಿಹಾಸ. ಕೊಡಲು ಸೋಮವಾರ ಕೊನೆಯ ದಿನ. ಆದರೆ ಬಿಡುವುದು ಇಂಗ್ಲಿಷೊಂದನ್ನೇ ಅಲ್ಲ ಎಂದು ಅವಳಿಗೆ ಗೊತ್ತಿತ್ತು. ಬರೆಯುವವಳು ಎಂಬ ಹೆಸರೊಂದೇ ಅವಳು ತಾನೇ ಗಳಿಸಿದ್ದು. ಈ ಅರ್ಜಿಗೆ ಸಹಿ ಹಾಕಿದರೆ ಮತ್ತೆ ಪೆನ್ನು ಹಿಡಿಯಲು ಕೈಯೇ ಬರುವುದಿಲ್ಲ ಅನಿಸಿತು. ಅರ್ಜಿ ತುಂಬಿದಳು, ಸಹಿ ಮಾತ್ರ ಹಾಕದೆ ಪುಸ್ತಕದಲ್ಲಿಟ್ಟಳು.

ಗುರುವಾರ ಮುಂಜಾನೆ ಮನೆಯಲ್ಲಿ ಬೇರೆಯೇ ಗದ್ದಲ. ಹಿಂದಿನ ದಿನ ಸತ್ತಿ ಊರಿನ ಹೊಳೆದಂಡೆಯಲ್ಲಿ ನೀರು ಕುಡಿಸುವಾಗ ಮಾಳಸಿದ್ದನ ಹಿಂಡೂ ಜುಗೂಳದ ಭೀಮಗೊಂಡನ ಹಿಂಡೂ ಬೆರೆತಿದ್ದವು. ಬೇರೆ ಮಾಡಿಕೊಂಡು ಬಂದರೂ ಒಂದು ಕುರಿ ಆ ಕಡೆಯೇ ಉಳಿದಿತ್ತು. ಹೆಂಡತಿ ತಾರವ್ವ ರೊಟ್ಟಿ ಬಡಿದು ಕರೆದರೂ ಮಾಳಸಿದ್ದ ಊಟಕ್ಕೆ ಏಳಲಿಲ್ಲ. ಫೋನ್ ತೆಗೆದುಕೊಂಡು ಅಂಗಳಕ್ಕೆ ಬಂದು, ಪಡುವಣಕ್ಕೆ ತಿರುಗಿ ನಿಂತ. ಅವನ ರೂಢಿಯೇ ಹಾಗೆ. ಫೋನಿನಲ್ಲಿ ಯಾವ ಊರಿನವರ ಜೊತೆ ಮಾತೋ ಆ ಊರಿನ ಕಡೆ ಮುಖ ಮಾಡಬೇಕು, ಊರು ಎಷ್ಟು ದೂರವೋ ಅಷ್ಟು ದನಿ ಏರಿಸಬೇಕು. ಹತ್ತಿರದ ಸತ್ತಿಯಾದರೆ ಅಂಗಳಕ್ಕೆ ಕೇಳುವಷ್ಟು, ದೂರದ ಜುಗೂಳವಾದರೆ ಓಣಿಗೆಲ್ಲ ಕೇಳುವಷ್ಟು. ಅಥಣಿಯ ಬಸ್ ಸ್ಟ್ಯಾಂಡಿನಲ್ಲಿ ಹೀಗೆ ಮಾಡಿದಾಗ ಮನಿಷಾ ನಾಚಿ, ಯಾರದೋ ಮಗಳ ಹಾಗೆ ದೂರ ಹೋಗಿ ನಿಂತಿದ್ದಳು.

“ಭೀಮಗೊಂಡಣ್ಣಾ, ಕೇಳ್ರಿ! ಮೈ ಕೆಂಪ, ಮಾರಿ ಕರ್ರಗ. ಎಡಗಿವಿ ತುದಿ ನಾಯಿ ಕಡದು ಹರದೈತಿ. ಹಿಂಡಿನ ನಡಕ ನಡ್ಯಾಂಗಿಲ್ಲ, ಯಾವಾಗ್ಲೂ ಎಡಕ. ನೀರ ಕಂಡ್ರ ಮೊದಲ ಮುಂಗಾಲ ಅದ್ದತೈತಿ, ಆಮ್ಯಾಲ ಕುಡಿತೈತಿ. ಕೆಮ್ಮಿದ್ರ ಹಿರ್ಯಾ ಮನಶಾ ಕೆಮ್ಮಿದಂಗ!”

ಅರ್ಧ ತಾಸಿಗೆ ಫೋನ್ ಬಂತು. ಭೀಮಗೊಂಡ ಒಂದೇ ಮಾತು ಹೇಳಿದ: “ಸಿಕ್ಕೈತಿ.” ಆಗ ಮಾಳಸಿದ್ದ ಕೈ ತೊಳೆದು ರೊಟ್ಟಿಗೆ ಕೂತ.

“ಎರಡ ನೂರ ಕುರಿಯಾಗ ಹೆಂಗ ಸಿಕ್ತ ಅಪ್ಪಾ?” ಮನಿಷಾ ಕೇಳಿದಳು.

“ಹೇಳೂ ಹಂಗ ಹೇಳಿದ್ರ ಸಿಗತೈತಿ,” ಅಂದ ಮಾಳಸಿದ್ದ, ಚಟ್ನಿ ಹಚ್ಚಿಕೊಳ್ಳುತ್ತ. “ನಾಕ ಕಾಲ ಅದಾವ, ಛಲೋ ಕುರಿ, ಬಾಳ ಸಾದಾ ಐತಿ ಅಂದ್ರ ಯಾರಿಗೆ ಸಿಗಬೇಕ? ಎಲ್ಲಾ ಕುರಿನೂ ಹಂಗ ಅದಾವಲ್ಲ.”

ಮನಿಷಾಳ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ಕಷ್ಟಜೀವಿ, ದಯಾಮಯಿ, ಆಧಾರಸ್ತಂಭ. ಮೂರು ಸಲ ಅವಳು ಅಪ್ಪನಿಗೆ ನಾಲ್ಕು ಕಾಲಿವೆ ಎಂದಷ್ಟೇ ಬರೆದಿದ್ದಳು. ಕೈಲಾಗದವರು ಮೈ ಪರಚಿಕೊಂಡ ಹಾಗೆ ಮೇಡಂ ಮೇಲೆ ಸಿಟ್ಟಾಗಿದ್ದಳು. ಎದುರಿಗೆ ಕೂತವನನ್ನು ಹೊಸದಾಗಿ ನೋಡಿದಳು. ಸಹಿ ಮಾಡಲು ಬಾರದ ಈ ಮನುಷ್ಯ ನಾಲ್ಕು ಮಾತಿನಲ್ಲಿ ಮಾಡಿದ್ದನ್ನು ಅವಳಿಗೆ ಮೂರು ಪುಟದಲ್ಲಿ ಮಾಡಲಾಗಿರಲಿಲ್ಲ. ಹೆಮ್ಮೆಯಿಂದ ಅಪ್ಪನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ಶುಕ್ರವಾರ ಪೂರ್ತಿ ಬರೆದಳು. ಡಿಕ್ಷನರಿ ತೆಗೆಯಲಿಲ್ಲ. ಬರುವ ಇಂಗ್ಲಿಷಿನಲ್ಲೇ ಸಣ್ಣ ಸಣ್ಣ ಸಾಲು. ಬೇಸಿಗೆಯಲ್ಲೂ ಅಪ್ಪನ ಎಡಹೆಗಲ ಮೇಲಿರುವ ಮಡಿಸಿದ ಕಂಬಳಿ. ನಾಲ್ಕು ಜನ ಒಂದು ಕಡೆ ನಿಂತರೆ ಸಾಕು, ಹೆಬ್ಬೆರಳನ್ನು ಬೆರಳಿನ ಗೆಣ್ಣಿಗೆ ಮುಟ್ಟಿಸುತ್ತ ಕುರಿ ಎಣಿಸಿದ ಹಾಗೆ ಎಣಿಸಿಬಿಡುವುದು. ಜುಗೂಳದ ಕಡೆ ಮುಖ ಮಾಡಿ ಕೂಗುವುದು. ಕಳೆದ ಕುರಿ, ರೊಟ್ಟಿ ಮುಟ್ಟದ ಮುಂಜಾನೆ, ‘ಸಿಕ್ಕೈತಿ’ ಎಂಬ ಮಾತು. ತಾನು ಬಸ್ ಸ್ಟ್ಯಾಂಡಿನಲ್ಲಿ ದೂರ ನಿಂತದ್ದನ್ನೂ ಬರೆದಳು. ಅದನ್ನು ಬರೆಯುವಾಗ ಅತ್ತಳು, ಆದರೆ ಅಳಿಸಲಿಲ್ಲ.

ಶನಿವಾರ ಪುಟ ಕೊಟ್ಟಾಗ ಮೇಡಂ ಓದದೆ ಬ್ಯಾಗಿಗೆ ಹಾಕಿಕೊಂಡರು. “ಬರಂ, ಆತು, ಸೋಮವಾರ ನೋಡೂಣು,” ಅಂದರು. ಅರ್ಜಿಗೂ ಅಂದೇ ಕೊನೆಯ ದಿನ. ‘ಇದಕ್ಕೂ ಗೀಟು ಬಿದ್ದರೆ ಸಹಿ ಹಾಕುವುದೇ’ ಎಂದು ಮನಿಷಾ ಮನಸ್ಸು ಗಟ್ಟಿ ಮಾಡಿಕೊಂಡಳು.

ಭಾನುವಾರ ಮಧ್ಯಾಹ್ನ ಮಾಳಸಿದ್ದ ಮನೆಗೆ ಬಂದವನು ಹೆಗಲ ಕಂಬಳಿಯನ್ನೂ ಇಳಿಸದೆ ಕಟ್ಟೆಯ ಮೇಲೆ ಕೂತ. ಮುಖದಲ್ಲಿ ಗಲಿಬಿಲಿ.

“ಯವ್ವಾ ಮನಿಷಾ, ಒಂದ ಮಜಾ ಆತ ನೋಡ. ಎಲ್ಲವ್ವನ ಗುಡಿ ಮುಂದ ಚಾದಂಗಡ್ಯಾಗ ನಿಂತ ಭೀಮಗೊಂಡಗ ಫೋನ್ ಹಚ್ಚಿದ್ನಿ. ಅಷ್ಟರಾಗ ಯಾರೋ ಅಕ್ಕಾರು, ಅತ್ತೀನ ಕರಕೊಂಡ ಮರಾಠಿ ಮಾತಾಡಕೊಂತ ಗುಡಿಗೆ ಬಂದಿದ್ರಂತ, ನನ್ನನ್ನ ನೋಡಕೊಂತ ನಿಂತಬಿಟ್ರು. ಫೋನ್ ಇಡೂದ ತಡ, ಸೀದಾ ಬಂದ್ರು. ‘ನೀವು ಮನಿಷಾನ ಅಪ್ಪ ಅಲ್ಲೇನ್ರಿ?’ ಅಂದ್ರು. ನಾ ಅವರನ್ನ ಹುಟ್ಟಾ ಕಂಡಿಲ್ಲ, ಅವರೂ ನನ್ನ ಕಂಡಿಲ್ಲಂತ! ಅಷ್ಟ ಮಂದ್ಯಾಗ ಹೆಂಗ ಗುರ್ತ ಹಿಡದ್ರ?”

ಮನಿಷಾ ಎದ್ದು ನಿಂತಳು. “ಮತ್ತೇನಂದ್ರಪ್ಪಾ?”

“ಕೈ ಮುಗದ್ರವ್ವಾ. ನನ್ನಂಥಾವಗ! ಕಣ್ಣಾಗ ನೀರ ಬಂದಂಗ ಇತ್ತ. ‘ಸಿಕ್ಕಾರ ಅಂತ ನಿಮ್ಮ ಮಗಳಿಗೆ ಹೇಳ್ರಿ’ ಅಂದ್ರು, ನಕ್ಕೊಂತ ಹೋದ್ರು.” ಮಾಳಸಿದ್ದ ತಲೆ ಕೆರೆದುಕೊಂಡ. “ಅಲ್ಲ, ನಾ ಕಳದಿದ್ದರ ಯಾವಾಗ?”

ಮನಿಷಾ ಒಳಗೆ ಹೋಗಿ ಪುಸ್ತಕದಿಂದ ಅರ್ಜಿ ತೆಗೆದು ನಾಲ್ಕು ಚೂರು ಮಾಡಿ ಒಲೆಗೆ ಹಾಕಿದಳು. ಆಮೇಲೆ ಹೊರಗೆ ಬಂದು, ದೂರ ನಿಲ್ಲದೆ, ಅಪ್ಪನ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತಳು.