ಹಗೇವಿನ ಬಾಯಿಕಲ್ಲು

ನೊಣ ಕೂತಿದೆ, ಮೊಣಕೈ ಮೇಲೆ, ರಕ್ತ ಒಣಗಿದ ಜಾಗ ಹುಡುಕಿಯೇ ಕೂತಿದೆ, ಓಡಿಸೋಣ ಅಂದರೆ ಎರಡೂ ಕೈ ಹಿಂದಕ್ಕೆ, ಚಾವಡಿಯ ಕಂಬಕ್ಕೆ ಕಟ್ಟಿದ್ದಾರೆ, ಹಗ್ಗವೂ ಅದೇ, ನನ್ನ ಗಂಡನನ್ನು ಕುಣಿಯಿಂದ ಮೇಲಕ್ಕೆ ಎಳೆದ ಹಗ್ಗ — ತಿನ್ನು ನೊಣವೇ, ಅದು ನನ್ನ ರಕ್ತವಲ್ಲ, ಸಾಯಬಣ್ಣ ಸಾಹುಕಾರನದು, ತುಪ್ಪ ಉಂಡ ರಕ್ತ. ಸತ್ತನೋ ಇದ್ದಾನೋ ಯಾರೂ ಬಾಯಿ ಬಿಡುತ್ತಿಲ್ಲ, ಸಾಯಲಿ. ಚಿತಾಪುರದಿಂದ ಪೊಲೀಸ್ ಅಮೀನ ಬರುತ್ತಾನಂತೆ, ಕಲ್ಲು ಎತ್ತಿದವರು ಯಾರು ಅಂತ ಕೇಳುತ್ತಾನಂತೆ. ನಾನೇ. ಅಂಬುಬಾಯಿ, ಬರಕೋ. ಶಹಾಬಾದಿನ ಫರ್ಸಿ ಕಲ್ಲಿನ ಖಣಿಯಲ್ಲಿ ಹನ್ನೆರಡು ವರ್ಷ ಹಾರೆ ಹಿಡಿದವಳು, ಕಲ್ಲಿನ ಪದರ ಎಲ್ಲಿ ಬಿಡುತ್ತದೆ ಅಂತ ಸದ್ದು ಕೇಳಿಯೇ ಹೇಳುವವಳು, ಅವನ ಹಗೇವಿನ ಬಾಯಿಗೆ ಮುಚ್ಚಿದ ಕಲ್ಲು ನನಗೆ ಯಾವ ಲೆಕ್ಕ, ಹಾರೆ ತೂರಿಸಿ ಒಮ್ಮೆ ಮೀಟಿದೆ, ಎದ್ದು ಬಂತು. ಅಂಗಳದ ನೆಲದೊಳಗೆ ಎರಡಾಳು ಆಳದ ಕುಣಿ, ಅರ್ಧ ಜೋಳ, ದರ ಏರಲಿ ಅಂತ ಕಾಯುತ್ತ ಬಿದ್ದ ಜೋಳ, ಮೇಲೆ ನಾವು ಹುರಿದ ಹುಣಸೆಬೀಜ ಕಡಿಯುತ್ತ — ಅತ್ತೆ ಬೆರಳು ಬಿಡಿಸಿದಳಲ್ಲ, ಲಟಕ್ ಅಂತ — ಬೇಡ, ಅದು ಬೇಡ.

ಸರ್ಕಾರದ ಕಂಟ್ರೋಲ್ ಅಂಗಡಿ ಇದ್ದಿದ್ದರೆ ಅವನ ಅಂಗಳ ಯಾರಿಗೆ ಬೇಕಿತ್ತು. ನಿಜಾಮ ಹೋದ, ನಮ್ಮ ಸರ್ಕಾರ ಬಂತು ಅಂತ ಬೆಲ್ಲ ಹಂಚಿದರು, ಐದು ವರ್ಷಕ್ಕೆ ಅಂಗಡಿಗೆ ಬೀಗ. ಅಂಗಡಿಯ ಅಬ್ದುಲ್ ಸಲಾಂ ನಮ್ಮ ಮುಖ ನೋಡಲಿಲ್ಲ, ತಕ್ಕಡಿ ಎತ್ತಿ ಬಂಡಿಗಿಡುತ್ತ ಅಂದ, ಹೈದರಾಬಾದಿನಿಂದ ಹುಕುಂ ಬಂದದವ್ವ, ಸರ್ಕಾರ ಖರ್ಚು ಕಡಿಮಿ ಮಾಡಲಿಕತ್ತದ, ಇನ್ನ ಸಸ್ತಾ ಜೋಳ ಬರಂಗಿಲ್ಲ, ನಂದೂ ನೌಕರಿ ಹೋಯ್ತು. ನನ್ನ ಮಗಳ ತುತ್ತು ಸರ್ಕಾರಕ್ಕೆ ಖರ್ಚಾಯಿತೇ? ನಾಲ್ಕು ದಿನದಿಂದ ಅಳುವುದನ್ನೂ ಬಿಟ್ಟಿದ್ದಾಳೆ, ಗೋಡೆಯ ಮಣ್ಣು ನೆಕ್ಕುತ್ತಾಳೆ, ಬಡಿದರೂ ಬಿಡುವುದಿಲ್ಲ — ಬಡಿದೆ, ಹೌದು, ಬಡಿದೆ, ಕೈಗೆ ಬರೀ ಎಲುಬು ಸಿಕ್ಕಿತು. ಅವತ್ತೇ ಹಾರೆ ಎತ್ತಿದೆ.

ಖಣಿಯವರು ಇಪ್ಪತ್ತು ಮಂದಿ, ನಡು ಮಧ್ಯಾಹ್ನ, ಬಾಗಿಲಲ್ಲಿದ್ದ ಆಳಿನ ಮುಖ ಜಜ್ಜಿ ಒಳಗೆ ನುಗ್ಗಿದೆವು. ಕಲ್ಲು ಎದ್ದಿತು, ಕೆಳಗೆ ಕತ್ತಲು, ಬೆಚ್ಚನೆಯ ಹುಳಿ ವಾಸನೆ, ಅಂಬರಾಯ ಬಗ್ಗಿ ನೋಡಿ ಹಿಂದೆ ಸರಿದ, ನನ್ನ ಗಂಡ, ಕಾಗಿಣಾ ಹೊಳೆಯ ಯಾವ ಮಡುವಿಗೂ ಅಂಜದವನು. ನಾನು ಅಂದೆ, ಎಲ್ಲರ ಮುಂದೆ ಅಂದೆ — ಹೆಣ್ಮಗಳು ನಾ ಕಲ್ಲ ಎತ್ತೀನಿ, ಇಳಿಲಾಕ ನಿನಗ ಅಂಜಿಕಿ ಏನು, ಸೀರಿ ಉಟ್ಕೊಂಡು ಕುಂದ್ರು ಹೋಗು. ನನ್ನ ನಾಲಿಗೆ ಸೇದಿಹೋಗಲಿ. ಉಸಿರು ಬಿಗಿಹಿಡಿದು ಇಳಿದ, ಹೊಳೆಗೆ ಇಳಿಯುವ ಹಾಗೆ, ಬುಟ್ಟಿ ಬಿಡು ಅನ್ನುವುದಕ್ಕೆ ಉಸಿರು ಬಿಟ್ಟ. ಅಷ್ಟೇ. ಕೂಗಿದೆ, ಕೂಗಿದೆ, ಜೋಳ ಜಾರಿದ ಸದ್ದೊಂದು ಬಂತು. ಅಷ್ಟರಲ್ಲಿ ಸಾಹುಕಾರ ಮಂದಿ ಕಟ್ಟಿಕೊಂಡು ಬಂದ, ಬಡಿಗೆ, ತಲೆ ಒಡೆದವು, ನನ್ನ ಬೆನ್ನಿಗೂ ಬಿದ್ದವು, ಅವನು ಮಾತ್ರ ಕುಣಿ ನೋಡಿ ಗಕ್ಕನೆ ನಿಂತ, ನಿಜಕ್ಕೂ ಬೆರಗಾಗಿ ಕೇಳಿದ, ಏ ಹುಚ್ಚಿ, ಹಗೇವು ತೆಗೆದ ಕೂಡ್ಲೆ ಯಾರರ ಇಳೀತಾರೇನು, ಒಳಗ ವಿಷಗಾಳಿ ಕುಂತಿರ್ತದ, ಒಂದಿನ ಗಾಳಿ ಆಡಬೇಕು, ದೀಪ ಬಿಟ್ಟು ನೋಡಬೇಕು, ಇಷ್ಟೂ ಗೊತ್ತಿಲ್ಲೇನು ನಿಮಗ? ಗೊತ್ತಿಲ್ಲ ಸಾಹುಕಾರ್ರೆ. ಹಗೇವು ಇದ್ದವರಿಗೆ ಗೊತ್ತಿರುತ್ತದೆ. ನಮ್ಮ ಜೋಳ ಯಾವತ್ತು ಗಡಿಗೆಯ ಕುತ್ತಿಗೆ ಮುಟ್ಟಿತ್ತು. ಹಾರೆ ಕೈಯಲ್ಲೇ ಇತ್ತು, ಮೊಣಕಾಲಿಗೆ ಒಂದು, ಬಿದ್ದ, ಬಾಯಿಗೆ ಒಂದು, ಇಷ್ಟೂ ಗೊತ್ತಿಲ್ಲೇನು ಅಂದ ಬಾಯಿಗೇ, ಕಲ್ಲಿನ ಸದ್ದಲ್ಲ ಅದು, ಮೆತ್ತಗಿತ್ತು, ಮತ್ತೆ ಹೊಡೆದೆ, ಅವನ ಮಂದಿ ನನ್ನ ಕೂದಲು ಹಿಡಿದು ಎಳೆದು ನೆಲಕ್ಕೆ ಒತ್ತಿದರು.

ನೆಲಕ್ಕೆ ಕೆನ್ನೆ ಒತ್ತಿಕೊಂಡೇ ನೋಡಿದೆ, ಮೇಲಿನಿಂದಲೇ ಹಗ್ಗದ ಉರುಳು ಬಿಟ್ಟು ಕಾಲಿಗೆ ಸಿಕ್ಕಿಸಿ ಅಂಬರಾಯನನ್ನು ತಲೆಕೆಳಗಾಗಿ ಎಳೆದರು, ಬಾಯಿ ತೆರೆದಿತ್ತು, ಬಲಗೈ ಮುಷ್ಟಿ ಮಾತ್ರ ಬಿಗಿದಿತ್ತು. ಅತ್ತೆ ಭೀಮಮ್ಮ ಓಡಿಬಂದಳು, ಹೆತ್ತವಳು, ಎದೆ ಮೇಲೆ ಬಿದ್ದು ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ, ಮಗನ ಮುಷ್ಟಿ ಮಡಿಲಿಗಿಟ್ಟುಕೊಂಡು ಬೆರಳು ಬಿಡಿಸತೊಡಗಿದಳು, ಒಂದೊಂದೇ, ಕಿರುಬೆರಳು, ಅದರ ಪಕ್ಕದ್ದು, ಹೆಬ್ಬೆರಳು ಬಿಡಲಿಲ್ಲ, ಹಿಂದಕ್ಕೆ ಮುರಿದಳು, ಲಟಕ್ ಅಂತು, ಒಂದು ಹಿಡಿ ಜೋಳ ಸೆರಗಿಗೆ ಬಿತ್ತು, ಗಂಟು ಹಾಕಿ ಗುಡಿಸಲಿನ ಕಡೆ ಓಡಿದಳು. ಈಗ ಅಂಬಲಿ ಆಗಿರಬೇಕು, ಮಗಳು ಉಂಡಿರಬೇಕು, ನನ್ನ ಹೊಟ್ಟೆಯೂ ಕೇಳುತ್ತಿದೆ, ನಾಚಿಕೆಯಿಲ್ಲದ ಹೊಟ್ಟೆ — ನೊಣ ಮತ್ತೆ ಕೂತಿತು — ಕಿರುಬೆರಳು, ಅದರ ಪಕ್ಕದ್ದು, ಹೆಬ್ಬೆರಳು, ಹೆಬ್ಬೆರಳು —