ಅಳತೆಗೆಂದು ಹತ್ತಿದ ಗಾಡಿ

ಹೊರಡಲು ಇನ್ನೂ ಒಂಬತ್ತು ದಿನವಿತ್ತು. ದಾನೇಶ್ವರಿ ಆಗಲೇ ಮೂರು ಸಲ ಪಟ್ಟಿ ಬರೆದು, ಮೂರು ಸಲ ಹರಿದಿದ್ದಳು. ಬೇಳೆ ಬೇಯಲಿಟ್ಟು ಬಂದು ಎರಡು ಸಾಲು ಬರೆಯುವಳು, ಕುಕ್ಕರ್ ಕೂಗಿದರೆ ಏಳುವಳು, ಮರಳಿ ಬಂದು ಬರೆದದ್ದನ್ನೇ ಹೊಡೆದುಹಾಕುವಳು. ‘ಹಿಂದಿನ ದಿನ ಸಂಜೆಯಿಂದ ನೀರು ಬಂದ್’ ಎಂಬ ಒಂದು ಸಾಲು ಮಾತ್ರ ಎಲ್ಲ ಪಟ್ಟಿಯಲ್ಲೂ ಉಳಿದಿತ್ತು. ನೀರು ಕುಡಿದರೆ ಮಗಳನ್ನು ಓಡುವ ಗಾಡಿಯಲ್ಲಿ ಸಂಡಾಸಕ್ಕೆ ಎತ್ತಿಕೊಂಡು ಹೋಗಬೇಕಲ್ಲ.

ಮಗಳು ಪ್ರಫುಲ್ಲಾಳಿಗೆ ಹತ್ತೊಂಬತ್ತು. ಹುಟ್ಟಿದಾಗಿನಿಂದ ಸೊಂಟದ ಕೆಳಗೆ ಬಲವಿಲ್ಲ. ಹಾಸಿಗೆಯಿಂದ ಗಾಲಿಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ತಾಯಿಯ ತೋಳೇ ಆಗಬೇಕು. ಕೈ ಮಾತ್ರ ಬಲು ಚುರುಕು. ಕೂಕಟ್‌ಪಲ್ಲಿಯ ಮನೆಯಲ್ಲೇ ಕೂತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಅಮೆರಿಕದ ಡಾಕ್ಟರುಗಳು ಹೇಳಿದ್ದನ್ನು ಟೈಪು ಮಾಡಿ ಕಳಿಸುತ್ತಿದ್ದಳು. ಊರ ತುಂಬ ಕಂಪ್ಯೂಟರಿನದೇ ಸುಗ್ಗಿ, ಅದರ ಒಂದು ಹಿಡಿ ಈ ಮನೆಗೂ ಬಂದಿತ್ತು.

ಕೊಯಮತ್ತೂರಿನಲ್ಲಿ ಒಂದು ಸಂಸ್ಥೆ ಗಾಲಿಕುರ್ಚಿಯವರಿಗೆ ತಮ್ಮ ಕೆಲಸ ತಾವೇ ಮಾಡಿಕೊಳ್ಳುವುದನ್ನು ಹದಿನೈದು ದಿನ ಕಲಿಸುತ್ತಿತ್ತು. ಪ್ರಫುಲ್ಲಾ ತಾನೇ ಬರೆದು ಜಾಗ ಗಿಟ್ಟಿಸಿದ್ದಳು. ಒಂದು ಷರತ್ತು: ಕರೆತಂದವರು ಒಂದು ರಾತ್ರಿ ಇದ್ದು ಮರಳಬೇಕು. ದಾನೇಶ್ವರಿ ಹೂಂ ಅಂದಿದ್ದಳು. ಆದರೆ ಮಗಳಿಗೆ ಹೇಳದೆ, ಆ ಸಂಸ್ಥೆಯ ಎದುರಿನ ಲಾಡ್ಜಿಗೆ ಫೋನು ಮಾಡಿ ಹದಿನೈದು ದಿನಕ್ಕೆ ಕೋಣೆ ಹಿಡಿದಿದ್ದಳು. ತನ್ನ ಕೈಯಲ್ಲದೆ ಬೇರೆ ಕೈ ಆ ಮೈಯನ್ನು ಎತ್ತಿದ್ದೇ ಇಲ್ಲ. ಬೀಳಿಸಿದರೆ?

ಆ ದಿನ ಅಡುಗೆ ಮುಗಿಸಿ, ಹೊಲಿಗೆಯ ಟೇಪು ಚೀಲಕ್ಕೆ ಹಾಕಿಕೊಂಡಳು. ಕೊಯಮತ್ತೂರಿಗೆ ತಾವು ಹೋಗಬೇಕಿದ್ದ ಗಾಡಿಯೇ ದಿನವೂ ಮಧ್ಯಾಹ್ನ ಸಿಕಂದರಾಬಾದಿಗೆ ಬಂದು ಹತ್ತು ನಿಮಿಷ ನಿಲ್ಲುತ್ತದೆ. ಅದರಲ್ಲಿ ಅಂಗವಿಕಲರ ಡಬ್ಬಿಯ ಬಾಗಿಲು ಎಷ್ಟು ಅಗಲ ಎಂದು ಕಣ್ಣಾರೆ ನೋಡಬೇಕಿತ್ತು.

“ಅಳತಿ ತಗೊಂಡು ಏನ್ ಮಾಡ್ತೀಯವ್ವ?” ಎಂದಳು ಪ್ರಫುಲ್ಲಾ. “ಬಾಗಿಲಾ ಸಣ್ಣದಿದ್ರ ಬಿಚ್ಚಿ ಹೊಲೀರಿ ಅಂತೀಯೇನು?”

“ಸುಮ್ಮಕಿರು. ಎರಡಕ್ಕ ಬಂದಬಿಡ್ತೀನಿ.”

ಹೊರಗಿನಿಂದ ಕೀಲಿ ಹಾಕಿ, ಕೀಲಿಕೈಯನ್ನು ಸೆರಗಿಗೆ ಕಟ್ಟಿಕೊಂಡಳು. ಎಲ್ಲಿಗೆ ಹೋದರೂ ಹೀಗೆಯೇ.

ನಿಲ್ದಾಣಕ್ಕೆ ಗಾಡಿ ಬಂದು ನಿಂತಿತು. ಗಾರ್ಡಿನ ಡಬ್ಬಿಗೆ ಹೊಂದಿಕೊಂಡೇ ಆ ಡಬ್ಬಿಯಿತ್ತು. ಹೊರಬಾಗಿಲು ಅಳೆದಳು, ಕುರ್ಚಿ ಹಿಡಿಸುತ್ತದೆ. ಒಳಗೆ ಹತ್ತಿ ಸಂಡಾಸದ ಬಾಗಿಲು ಅಳೆದಳು, ಅದೂ ಹಿಡಿಸುತ್ತದೆ. ನಂಬಿಕೆ ಬರದೆ ಇನ್ನೊಮ್ಮೆ ಟೇಪು ಹಿಡಿದಳು. ಆ ಇನ್ನೊಮ್ಮೆಯೇ ಕೆಡಿಸಿತು. ಕಾಲ ಕೆಳಗೆ ಏನೋ ಜಗ್ಗಿದಂತಾಗಿ ಹೊರಗೆ ಬಂದು ನೋಡಿದರೆ ಪ್ಲಾಟ್‌ಫಾರ್ಮಿನ ಚಹಾದ ಅಂಗಡಿ ಹಿಂದಕ್ಕೆ ಸರಿಯುತ್ತಿತ್ತು.

ಬಾಗಿಲಿಗೆ ಓಡಿದಳು. ಊರುಗೋಲಿನ ಮುದುಕನೊಬ್ಬ ಅವಳ ಸೆರಗು ಹಿಡಿದ. “ಕೂದೋ ನಕ್ಕೋ ಅಮ್ಮಾ.” ಹಾರಬೇಡ, ಹಾರಿ ಕಾಲು ಕಳಕೊಂಡರೆ ಮತ್ತೆ ಇದೇ ಡಬ್ಬಿಗೆ ಬರಬೇಕಾಗುತ್ತದೆ ಎಂದು ತನ್ನ ದಖನಿಯಲ್ಲಿ ಹೇಳಿ ನಕ್ಕ. ಮುಂದಿನ ನಿಲ್ದಾಣ ನಲ್ಗೊಂಡ. ಎರಡು ಗಂಟೆಯ ದಾರಿ.

ಗಂಡ ಅಂಬಾದಾಸ ಔಷಧದ ಆರ್ಡರು ಹಿಡಿಯಲು ಕರೀಂನಗರಕ್ಕೆ ಹೋದವನು ನಾಳೆಯೇ ಬರುವುದು. ದಾನೇಶ್ವರಿ ಮೊಬೈಲಿನಲ್ಲಿ ಮನೆಯ ನಂಬರು ಒತ್ತಿದಳು.

“ಎಲ್ಲಿದ್ದೀಯವ್ವ? ಸದ್ದು ಭಾಳ ಐತಿ,” ಎಂದಳು ಪ್ರಫುಲ್ಲಾ.

“ಗಾಡ್ಯಾಗ. ಹೊಂಟಬಿಡ್ತು.”

ಪ್ರಫುಲ್ಲಾ ನಕ್ಕಳು. “ನನ್ನ ಬಿಟ್ಟು ನೀನ ಕೊಯಮತ್ತೂರಿಗೆ ಹೊಂಟೇನು?”

“ನಗಬ್ಯಾಡ. ನೀರು ಕುಡದೀಯೇನು?”

“ಎರಡು ಗ್ಲಾಸ್.”

“ಯಾಕ ಕುಡದಿ?”

“ನೀರಡಿಕಿ ಆಗಿತ್ತು.” ಕೀಬೋರ್ಡು ಟಕಟಕ ಅನ್ನುವುದು ಕೇಳಿಸಿತು. “ನಲ್ಗೊಂಡದಾಗ ಇಳಿ. ನಾಕಕ್ಕ ಹೊಳ್ಳಿ ಬರೂ ಪ್ಯಾಸೆಂಜರ್ ಐತಿ. ನೀ ಮನಿ ಮುಟ್ಟೂದ್ರಾಗ ಎಂಟಾಕೈತಿ.” ಆಮೇಲೆ ದನಿ ತಗ್ಗಿತು. “ಎಂಟರತನಕ ನನಗ ತಡಿಯಾಕ ಆಗೂದಿಲ್ಲವ್ವ. ಕೀಲಿ ಒಡಸ್ಲೇನು?”

“ಯಾರ ಕಡೀಂದ?”

“ಸುಗಲಮ್ಮ. ಬಾಜೂ ಬಿಲ್ಡಿಂಗಿನ್ಯಾಗ ಇಟ್ಟಂಗಿ ಹೊರತಾಳಲ್ಲ, ರಾಯಚೂರ ಕಡಿಯಾಕಿ. ಕಿಟಕ್ಯಾಗಿಂದ ದಿನಾ ಮಾತಾಡ್ತೀವಿ.”

ದಿನವೂ ಮಾತಾಡುತ್ತಾರೆ! ತಾನು ತರಕಾರಿಗೆ ಹೋದಾಗ ಇರಬೇಕು. ಮಗಳಿಗೊಬ್ಬ ಗೆಳತಿಯಿರುವುದು ಚಲಿಸುವ ಗಾಡಿಯಲ್ಲಿ ನಿಂತು ಗೊತ್ತಾಗಬೇಕಾಯಿತೆ. ಇಟ್ಟಿಗೆ ಹೊತ್ತು ಹೊತ್ತು ಒರಟಾದ ಕೈ, ನುಣುಪು ನೆಲದ ಬಚ್ಚಲು.

“ಅಕೀಗೆ ನಿನ್ನ ಹ್ಯಾಂಗ ಎತ್ತಬೇಕಂತ ಗೊತ್ತಿಲ್ಲ.”

“ನನಗ ಗೊತ್ತೈತಲ್ಲ. ನಾ ಹೇಳ್ತೀನಿ.”

ದನಿ ಕಡಿಕಡಿದು ಬರತೊಡಗಿತ್ತು. ದಾನೇಶ್ವರಿ ಕಣ್ಣು ಮುಚ್ಚಿ, “ಒಡಸು,” ಎಂದಳು. ಕೇಳಿಸಿತೋ ಇಲ್ಲವೋ, ಲೈನು ಹೋಯಿತು.

ಆಮೇಲಿನ ಎರಡು ಗಂಟೆ ಅವಳು ಕೂತಲ್ಲಿ ಕೂರಲಿಲ್ಲ. ಟೇಪು ಸುತ್ತುವಳು, ಬಿಚ್ಚುವಳು. ಬಾಗಿಲಿಗೆ ಹೋಗುವಳು, ಬರುವಳು. ಮುದುಕ ಬಾಟಲಿ ಮುಂದೆ ಹಿಡಿದಾಗ ಬೇಡವೆಂದವಳು ಮರುಗಳಿಗೆಗೆ ಅರ್ಧ ಬಾಟಲಿ ಗಟಗಟ ಕುಡಿದಳು.

ನಲ್ಗೊಂಡದಲ್ಲಿ ಇಳಿದು ಫೋನು ಹಚ್ಚಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದಳು. ಎಂಟು ಸಲ ಹಚ್ಚಿದ ಮೇಲೆ ಮೊಬೈಲೇ ಸತ್ತಿತು. ಪ್ಯಾಸೆಂಜರಿನ ಕಿಟಕಿಯ ಪಕ್ಕ ಕೂತು ಬರುವಾಗ ಅವಳ ಕಣ್ಣ ಮುಂದೆ ಬಚ್ಚಲ ನೆಲ ಬಿಟ್ಟರೆ ಬೇರೇನೂ ಇರಲಿಲ್ಲ. ಮಗಳು ಬಿದ್ದಿದ್ದಾಳೆ, ತಲೆ ಒಡೆದಿದೆ, ಆ ಹೆಂಗಸು ಹೆದರಿ ಓಡಿದ್ದಾಳೆ. ಮನೆ ಮುಟ್ಟುವವರೆಗೆ ಇಂಥವು ಎಷ್ಟೋ ಕಂಡವು.

ಬಾಗಿಲ ಕೊಂಡಿ ಮುರಿದು ಜೋತಾಡುತ್ತಿತ್ತು. ಒಳಗಿನಿಂದ ಪಟಪಟ ಸದ್ದು.

ಗಾಲಿಕುರ್ಚಿ ಖಾಲಿಯಿತ್ತು. ಪ್ರಫುಲ್ಲಾ ಅಡುಗೆಮನೆಯ ನೆಲದ ಮೇಲೆ ಗೋಡೆಗೆ ಒರಗಿ ಕೂತು, ಮುಂದೆ ಪರಾತವಿಟ್ಟುಕೊಂಡು ರೊಟ್ಟಿ ಬಡಿಯುತ್ತಿದ್ದಳು. ಮೂಗಿನ ತುದಿಗೆ ಜೋಳದ ಹಿಟ್ಟು. ಸಿಮೆಂಟು ಹತ್ತಿದ ಸೀರೆಯ ಗಟ್ಟಿಮುಟ್ಟು ಹೆಂಗಸೊಬ್ಬಳು ಒಲೆಯ ಮುಂದೆ ನಿಂತು ಬೇಯಿಸುತ್ತಿದ್ದಳು. ಮಗಳನ್ನು ನೆಲಕ್ಕೆ ಇಳಿಸುವುದನ್ನು ದಾನೇಶ್ವರಿ ಬಿಟ್ಟು ಆರು ವರ್ಷವಾಗಿತ್ತು. ಇಳಿಸಿದರೆ ಮರಳಿ ಎತ್ತುವ ಶಕ್ತಿ ಅವಳ ಬೆನ್ನಿಗೆ ಉಳಿದಿರಲಿಲ್ಲ.

“ಫೋನ್ ಯಾಕ ಎತ್ತಲಿಲ್ಲ?” ಎಂದಳು ದಾನೇಶ್ವರಿ.

“ಆವಾಗ ನಾ ಬಚ್ಚಲದಾಗಿದ್ನಿ. ಈಕಿ ಫೋನ್ ಮುಟ್ಟೂದಿಲ್ಲ, ಶಾಕ್ ಹೊಡೀತೈತಿ ಅಂತಾಳ.”

“ಕೀಲಿ ಭಾಳ ಗಟ್ಟಿ ಇತ್ರೀ ಅಕ್ಕೋರ,” ಎಂದಳು ಸುಗಲಮ್ಮ. “ನಾಕು ಏಟು ಬೇಕಾದ್ವು.”

“ಈಕಿ ಭಾರ ಆಗಲಿಲ್ಲೇನವ್ವ ನಿನಗ?”

“ಇಟ್ಟಂಗಿ ಬುಟ್ಟಿಗಿಂತ ಒಂಚೂರು ಹೆಚ್ಚರೀ. ಆದ್ರ ಇಟ್ಟಂಗಿ ಬಾಯಿ ಮಾಡೂದಿಲ್ಲ. ಇಲ್ಲಿ ಹಿಡಿ, ಅಲ್ಲಿ ಹಿಡೀಬ್ಯಾಡ... ನಮ್ಮ ಮೇಸ್ತ್ರಿನೂ ಇಷ್ಟು ಒದರೂದಿಲ್ರೀ.”

ಪ್ರಫುಲ್ಲಾ ನಕ್ಕಳು. ಆಗ ಅವಳ ಮೊಳಕೈಯ ನೀಲಿ ಗಾಯ ತಾಯಿಯ ಕಣ್ಣಿಗೆ ಬಿತ್ತು. ಸುಗಲಮ್ಮ ತಲೆ ತಗ್ಗಿಸಿದಳು.

“ನಳ ಬಡೀತು,” ಎಂದಳು ಪ್ರಫುಲ್ಲಾ. “ಮೊದಲ್ನೇ ಸಲ ನಾ ಹೇಳಿದ್ದ ತಪ್ಪಾತು. ಎರಡನೇ ಸಲ ಸರಿ ಹೇಳಿದ್ನಿ.”

ದಾನೇಶ್ವರಿ ಮುಲಾಮು ತರಲು ತಿರುಗಿ, ಎರಡು ಹೆಜ್ಜೆ ಇಟ್ಟು, ಹಾಗೆಯೇ ನಿಂತಳು. ಲಾಡ್ಜಿನಲ್ಲಿ ಕೋಣೆ ಹಿಡಿದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿದಳು.

“ಕೊಯಮತ್ತೂರಿಂದ ಹೊಳ್ಳಿ ಬರೂ ಗಾಡಿ ಎಷ್ಟಕ್ಕೈತಿ, ನೋಡು.”

“ಹದಿನೈದು ದಿನದ ಮ್ಯಾಲಿಂದಾ?”

“ಮರುದಿನದ್ದು. ನನಗೊಬ್ಬಾಕಿಗೆ.”

ಪ್ರಫುಲ್ಲಾ ಹಿಟ್ಟಿನ ಕೈ ಕೊಡವಿ ತೋಳು ಚಾಚಿದಳು. “ಹಂಗಾರ ಇಬ್ರೂ ಸೇರಿ ಎತ್ತಿ ಕಂಪ್ಯೂಟರ್ ಮುಂದ ಕೂಡಸ್ರಿ.”

ಇಬ್ಬರೂ ಅತ್ತಿತ್ತ ನಿಂತರು. ದಾನೇಶ್ವರಿ ಎಂದಿನಂತೆ ಬಗ್ಗಿದಳು.

“ಬೆನ್ನಲ್ಲವ್ವ, ಮಣಕಾಲು ಬಗ್ಗಸು,” ಎಂದಳು ಮಗಳು. “ಸುಗಲಮ್ಮನ್ನ ನೋಡು.”

ದಾನೇಶ್ವರಿ ನೋಡಿದಳು, ಮೊಣಕಾಲು ಬಗ್ಗಿಸಿದಳು.